ಸುಬೇದಾರ್ ಮಾವನ ಹೆಸರಲ್ಲಿ ಇನ್ನೊಂದು ಕಪ್ ಬೇಡ

ನಮ್ಮೂರಿನ ಸುಬೇದಾರ್ ಮಾವ ತೀರಿಕೊಂಡು, ಅವರ ಮಾದ (ತಿಥಿ) ಮುಗಿಯಿತು. ಅವತ್ತು ಊಟಕ್ಕೆ ಕೂತಲ್ಲೇ ಮಾತು ಶುರುವಾಯಿತು, ಅವರ ನೆನಪಿಗೆ ಒಂದು ಹಾಕಿ ಕಪ್ ನಡೆಸೋಣ, ಪೇಟೆಯಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸೋಣ ಅಂತ. ಹೇಳಿದವರಿಗೆ ಮಾವನ ಮೇಲೆ ಪ್ರೀತಿ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಒಪ್ಪಿಗೆ ಇಲ್ಲ.

ಮಾವ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿದ್ದವರು, ಅಲ್ಲಿನ ಹಾಕಿ ತಂಡವೊಂದರಲ್ಲಿ ಫುಲ್ ಬ್ಯಾಕ್. ಪೇಪರಿನಲ್ಲಿ ಫೋಟೋ ಬಂದವರಲ್ಲ. ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯನವರ ಕೊಡಗು ಜಿಲ್ಲೆ ನಮ್ಮದು. ತಿಮ್ಮಯ್ಯನವರ ಮಡಿಕೇರಿಯ ಸನ್ನಿಸೈಡ್ ಮನೆ 2021ರಲ್ಲಿ ಮ್ಯೂಸಿಯಂ ಆಯಿತು, ಆಗಲೇಬೇಕಿತ್ತು. ಆದರೆ ಹವಾಲ್ದಾರ್, ಸುಬೇದಾರ್ ಆಗಿ ಪೆನ್ಶನ್ ಬಂದ ಮೇಲೆ ಊರಿನ ಕೆಲಸ ತಲೆ ಮೇಲೆ ಹೊತ್ತವರನ್ನು ನಾವು ಬೇಗ ಮರೆಯುತ್ತೇವೆ.

ಆ ಕೆಲಸ ಏನು ಅಂತ ಮಾವನ ಮನೆ ಜಗಲಿಯಲ್ಲಿ ಕೂತವರಿಗೆ ಗೊತ್ತು. ನಮ್ಮಲ್ಲಿ ಮದುವೆಯಾದ ಹೆಣ್ಣಿನ ಮನೆಹೆಸರು ಬದಲಾಗುತ್ತದೆ. ದೂರದ ಸೇನಾ ರೆಕಾರ್ಡ್ಸ್ ಆಫೀಸಿನಲ್ಲಿ ಯಾರೋ ಆ ಮನೆಹೆಸರನ್ನು ಕಿವಿಗೆ ಕೇಳಿದ ಹಾಗೆ ಬರೆದಿರುತ್ತಾರೆ. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಪಿಂಚಣಿ ಮಂಜೂರಾದ ಆದೇಶದ ಹಾಳೆ ಪಿಪಿಓದಲ್ಲಿ ಮತ್ತೊಂದು. ಗಂಡ ಇರುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆತ ತೀರಿಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಮಾವ ಪಿಪಿಓ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದರು. "ಇಲ್ಲಿ ಒಂದು 'ಎ' ಜಾಸ್ತಿ ಉಂಟು ನೋಡವ್ವ, ಸರಿ ಮಾಡಿಸುವ" ಎನ್ನುತ್ತಿದ್ದರು. ಅಫಿಡವಿಟ್ ಬರೆಸಿ, ಮಡಿಕೇರಿಗೆ ಜೊತೆಯಲ್ಲಿ ಹೋಗಿ, ಉತ್ತರ ಬರುವವರೆಗೂ ಬೆನ್ನು ಬಿಡುತ್ತಿರಲಿಲ್ಲ. ಬಸ್ ಚಾರ್ಜೂ ತೆಗೆದುಕೊಂಡವರಲ್ಲ.

ಸೇನೆಯ ಪಿಂಚಣಿಯೆಲ್ಲ 'ಸ್ಪರ್ಶ್' ಅಂತ ಆನ್‌ಲೈನಿಗೆ ಹೋದ ಮೇಲೆ ವಯಸ್ಸಾದವರಿಗೆ ತಾಪತ್ರಯ ಇನ್ನೂ ಜಾಸ್ತಿಯಾಯಿತು. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಓಟಿಪಿ ಬರುವ ಫೋನು ಮೈಸೂರಿನಲ್ಲಿರುವ ಮಗನ ಹತ್ತಿರ. ತೋಟದ ಕೆಲಸದಲ್ಲಿ ಸವೆದ ಬೆರಳನ್ನು ಮೆಷಿನ್ ಒಪ್ಪುವುದಿಲ್ಲ. ಇಳಿವಯಸ್ಸಿನಲ್ಲಿ ಮಾವ ಇದನ್ನೂ ಕಲಿತರು, ಮೊಮ್ಮಗಳ ಹತ್ತಿರ ಹೇಳಿಸಿಕೊಂಡು.

ಇನ್ನು ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಮನೆತನಕ್ಕೊಂದು ತಂಡದ ಕೌಟುಂಬಿಕ ಹಾಕಿ ಶುರು ಮಾಡಿದಾಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ 360. ಅಪ್ಪ ಮಗಳು ಒಂದೇ ತಂಡದಲ್ಲಿ ಆಡುವ ಆ ಹಬ್ಬ ಎಂದರೆ ಮಾವನಿಗೆ ಪ್ರಾಣ. ಆದರೆ ಭಾನುವಾರ ಬೆಳಿಗ್ಗೆ ಶಾಲೆ ಮೈದಾನದಲ್ಲಿ ಅವರು ಆಡಿಸುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಲೈನ್ ಮನೆಯವರು, ಅಂದರೆ ತೋಟದ ಕೂಲಿಕಾರರ ಮಕ್ಕಳು. ಆ ಮಕ್ಕಳಿಗೆ ಮನೆಹೆಸರಿನ ತಂಡವಿಲ್ಲ, ಆ ಕಪ್ಪಿನಲ್ಲಿ ಜಾಗವಿಲ್ಲ. ಮಾವ ಬಿರುಕು ಬಿಟ್ಟ ಸ್ಟಿಕ್ಕಿಗೆ ತಾವೇ ಟೇಪ್ ಸುತ್ತಿ ಅವರ ಕೈಗೆ ಕೊಡುತ್ತಿದ್ದರು. ಸೊಂಟ ಬಗ್ಗಿಸದೆ ಬಾಲ್ ನಿಲ್ಲಿಸಲು ಹೋದರೆ ಯಾರ ಮಗುವಾದರೂ ಒಂದೇ ಬೈಗುಳ.

ಅದಕ್ಕೇ ಹೇಳುವುದು, ಕಪ್ ಬೇಡ. ಅದಕ್ಕೆ ಎತ್ತುವ ದುಡ್ಡಿನಲ್ಲಿ ಈ ಮಕ್ಕಳಿಗೆ ಸ್ಟಿಕ್, ಶಿನ್ ಗಾರ್ಡ್, ಒಂದು ಜೊತೆ ಕೀಪರ್ ಪ್ಯಾಡ್ ತರೋಣ. ತಿಂಗಳಿಗೊಂದು ದಿನ ಪಂಚಾಯಿತಿಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್ ಕೇಳೋಣ. ಪಿಂಚಣಿ ಕಾಗದ ನೋಡಿಕೊಡಲು ಓದಿದ ಹುಡುಗ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಅರ್ಧಕ್ಕೆ ನಿಂತ ಅರ್ಜಿಗಳನ್ನು ಮಾವ ಬರೆದಿಟ್ಟ ನೋಟ್‌ಬುಕ್ಕನ್ನು ಅತ್ತೆ ನನ್ನ ಕೈಗೆ ಕೊಟ್ಟಿದ್ದಾರೆ. ನಿಮ್ಮ ಅಮ್ಮನದೋ ಅಜ್ಜಿಯದೋ ಕಾಗದ ಮಾವನ ಹತ್ತಿರ ಇದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಭಾನುವಾರ ಮಕ್ಕಳನ್ನು ಆಡಿಸಲು ಇಬ್ಬರು ಬೇಕು. ಹಿಂದೆ ಆಡಿದವರು ಬಂದರೆ ಸಾಕು, ಎಷ್ಟು ಚೆನ್ನಾಗಿ ಆಡಿದ್ದರು ಅಂತ ಯಾರೂ ಕೇಳುವುದಿಲ್ಲ.