ಒಳಮೈ ನೋಡಿ ಕೊಂಡ ಬಟ್ಟೆಗಳು

ಹೊಸ ಬಟ್ಟೆ ಕೊಳ್ಳುವವರು ಮೊದಲು ಕನ್ನಡಿ ಹುಡುಕುತ್ತಾರೆ. ಹಳೆ ಬಟ್ಟೆಯ ಹುಚ್ಚು ಹಿಡಿದವರು ಹಾಗಲ್ಲ. ಹ್ಯಾಂಗರಿನಿಂದ ಇಳಿಸಿದ ಕೂಡಲೇ ಒಳಗು ಹೊರಗು ಮಾಡಿ, ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ನಿಂತುಬಿಡುತ್ತಾರೆ. ಪಕ್ಕದಲ್ಲಿದ್ದವರಿಗೆ ನಗು ಬರುತ್ತದೆ. ಬರಲಿ. ‘ಮೇಲೆ ಥಳುಕು ಒಳಗೆ ಹುಳುಕು’ ಅಂತ ಮೊದಲು ಹೇಳಿದವರು ಬಟ್ಟೆ ಕೊಂಡು ಪೆಟ್ಟು ತಿಂದವರೇ ಇರಬೇಕು. ಆದರೆ ಒಳ್ಳೆಯ ಹಳೆ ಡಿಸೈನರ್ ಬಟ್ಟೆಯಲ್ಲಿ ಆ ಮಾತು ಉಲ್ಟಾ ಆಗುತ್ತದೆ. ಮೇಲೆ ಬಣ್ಣ ಮಾಸಿರುತ್ತದೆ, ಒಂದು ಗುಂಡಿ ಹೋಗಿರುತ್ತದೆ. ಒಳಗೆ ತಿರುಗಿಸಿದರೆ ಯಾರೋ ತಾಳ್ಮೆಯಿಂದ ಕೂತು ಹಾಕಿದ ಕೈಹೊಲಿಗೆ!

ಫ್ರಾನ್ಸಿನ ಎರ್ಮೆಸ್ ಕಂಪನಿಯ ರೇಷ್ಮೆ ಸ್ಕಾರ್ಫನ್ನೇ ತೆಗೆದುಕೊಳ್ಳಿ. 1937ರಲ್ಲಿ ಶುರುವಾದದ್ದು. ತೊಂಬತ್ತು ಸೆಂಟಿಮೀಟರಿನ ಚೌಕ. ಎಲ್ಲರೂ ಅದರ ಚಿತ್ರ ನೋಡುತ್ತಾರೆ, ಕುದುರೆ, ಸಾರೋಟು, ಲಗಾಮು. ನಾನು ಅಂಚು ನೋಡುತ್ತೇನೆ. ಅಂಚನ್ನು ಸಣ್ಣ ಸುರುಳಿ ಸುತ್ತಿ ಕೈಯಲ್ಲೇ ಹೊಲಿದಿರುತ್ತಾರೆ. ಆ ಸುರುಳಿ ಹಿಂಬದಿಗಲ್ಲ, ಚಿತ್ರದ ಬದಿಗೇ ಮಡಚಿಕೊಂಡಿರುತ್ತದೆ. ಕಣ್ಣು ಮುಚ್ಚಿ ಎರಡು ಬೆರಳ ನಡುವೆ ಹಿಡಿದರೆ ದುಂಡಗೆ ಸಿಗಬೇಕು. ಎಷ್ಟೋ ಸಲ ಸಿಗುವುದಿಲ್ಲ. ಯಾರೋ ಪುಣ್ಯಾತ್ಮರು ಇಸ್ತ್ರಿಪೆಟ್ಟಿಗೆ ಒತ್ತಿ ಅದನ್ನು ಚಪ್ಪಟೆ ಮಾಡಿಟ್ಟಿರುತ್ತಾರೆ. ಕಲೆಯಾದರೆ ಸಹಿಸಬಹುದು, ಇದು ನನ್ನಿಂದ ಆಗುವುದಿಲ್ಲ.

ಶನೆಲ್ ಜಾಕೆಟ್ಟಿನ ಗುಟ್ಟೂ ಒಳಗೇ ಇದೆ. ಕೆಳ ಅಂಚಿನುದ್ದಕ್ಕೂ, ಅಸ್ತರಿನ ಮೇಲೆ, ಒಂದು ತೆಳ್ಳನೆಯ ಲೋಹದ ಸರಪಳಿ. ತೋರಿಕೆಗಲ್ಲ, ತೂಕಕ್ಕೆ. ಹಗುರ ಬಟ್ಟೆ ಮೇಲೆದ್ದು ಮುದುರಿಕೊಳ್ಳದೆ ನೇರವಾಗಿ ಇಳಿಬೀಳಲಿ ಅಂತ. ಹಾಕಿಕೊಂಡವರಿಗಷ್ಟೇ ಗೊತ್ತಾಗುವ ಒಡವೆ, ಅಲ್ವಾ? ನನಗೆ ಇಂಥ ಜಾಕೆಟ್ ಸಿಕ್ಕಿಲ್ಲ. ಸಿಕ್ಕ ಸ್ನೇಹಿತೆಯೊಬ್ಬಳಿದ್ದಾಳೆ, ಕೂತಲ್ಲಿ ನಿಂತಲ್ಲಿ ಅಂಚು ಮಗುಚಿ ಎಲ್ಲರಿಗೂ ತೋರಿಸುತ್ತಾಳೆ. ಮುಂಭಾಗ ಯಾವ ಬಣ್ಣ ಅಂತ ಈಗಲೂ ನನಗೆ ಸರಿಯಾಗಿ ನೆನಪಿಲ್ಲ.

ನನಗೆ ಸಿಕ್ಕಿದ್ದು ಒಂದು ಬರ್ಬೆರಿ ಕೋಟು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಥಾಮಸ್ ಬರ್ಬೆರಿ 1879ರಲ್ಲಿ ಗ್ಯಾಬರ್ಡಿನ್ ಅನ್ನುವ ಬಟ್ಟೆ ಮಾಡಿದ. ನೇಯ್ದ ಮೇಲೆ ಮೇಣ ಬಳಿಯುವುದಲ್ಲ, ನೇಯುವ ಮೊದಲೇ ನೂಲಿಗೆ ನೀರು ತಡೆಯುವ ಗುಣ ಕೊಟ್ಟು, ಆಮೇಲೆ ಬಿಗಿಯಾಗಿ ನೇಯುವುದು. ಮಳೆ ಒಳಗೆ ಬರದು, ಬೆವರಿನ ಹಬೆ ಒಳಗೆ ನಿಲ್ಲದು. ಮೊದಲ ಮಹಾಯುದ್ಧದಲ್ಲಿ ಅಧಿಕಾರಿಗಳು ಇದೇ ಬಟ್ಟೆಯ ಕೋಟು ಹಾಕಿಕೊಂಡು ಕಂದಕಕ್ಕಿಳಿದರು. ಟ್ರೆಂಚ್ ಅಂದರೆ ಕಂದಕ, ‘ಟ್ರೆಂಚ್ ಕೋಟು’ ಅನ್ನುವ ಹೆಸರು ಅಲ್ಲಿಂದ ಬಂತು. ಹೆಗಲ ಪಟ್ಟಿಗಳೂ ಸೊಂಟದ ಬೆಲ್ಟಿನ ಲೋಹದ ಬಳೆಗಳೂ ಆ ಕಾಲದ ಉಳಿಕೆಗಳು. ಈಗ ಅವುಗಳಿಗೆ ಯಾವ ಕೆಲಸವೂ ಇಲ್ಲ, ಆದರೆ ತೆಗೆದುಹಾಕಲು ಯಾರಿಗೂ ಧೈರ್ಯವಿಲ್ಲ.

ನನ್ನ ಕೋಟಿಗೆ ಬೆಲ್ಟೇ ಇಲ್ಲ. ಹಳೆ ಟ್ರೆಂಚ್ ಕೋಟುಗಳಿಗೆ ಬೆಲ್ಟ್ ಇರುವುದೇ ಅಪರೂಪ, ಎಲ್ಲಾದರೂ ಜಾರಿ ಬಿದ್ದಿರುತ್ತದೆ. ತೋಳಿನ ಒಳಗೆ ನೋಡಿದರೆ ಎರಡು ಬೆರಳಗಲ ಬಟ್ಟೆ ಮಡಚಿ ಹೊಲಿದಿದ್ದಾರೆ. ಹಿಂದೆ ಹಾಕಿಕೊಂಡವರ ತೋಳು ಗಿಡ್ಡ. ಕಾಫಿ ಬಣ್ಣದ ಗುಂಡಿಗಳ ನಡುವೆ ಒಂದು ಮಾತ್ರ ತುಸು ಕಪ್ಪು, ನಾಲ್ಕು ತೂತಿಗೆ ಬೂದು ದಾರ. ತೀರಾ ಬಿಗಿಯಾಗಿ, ಬುಡಕ್ಕೆ ಸುತ್ತು ಸುತ್ತಿ, ಇನ್ನೊಂದು ಜನ್ಮಕ್ಕೂ ಬೀಳಬಾರದು ಅನ್ನುವ ಹಾಗೆ ಹೊಲಿದದ್ದು. ಟೈಲರ್ ಕೆಲಸವಲ್ಲ ಅದು, ಮನೆಯಲ್ಲಿ ಯಾರೋ ಅವಸರದಲ್ಲಿ ಹಾಕಿದ್ದು. ಉಳಿದ ಗುಂಡಿಗಳು ಸಡಿಲಾಗಿವೆ, ಅದೊಂದು ಮಾತ್ರ ಅಲ್ಲಾಡುವುದಿಲ್ಲ. ನಾನೂ ಹಾಗೇ ಬಿಟ್ಟಿದ್ದೇನೆ. ತೋಳಿನ ಮಡಿಕೆ ಬಿಚ್ಚಿಸಿದೆ. ಬಿಚ್ಚಿದ ಜಾಗದಲ್ಲಿ ಬಟ್ಟೆ ಹೊಸದರಂತೆ ಗಾಢವಾಗಿ ಉಳಿದಿತ್ತು, ಆ ಪಟ್ಟಿ ಈಗಲೂ ಎದ್ದು ಕಾಣುತ್ತದೆ. ಚೆನ್ನಾಗಿಯೇ ಇದೆ.

ಅಳತೆಯ ವಿಷಯ ಕೇಳಲೇಬೇಡಿ. ಹೆಂಗಸರ ಬಟ್ಟೆಯ ನಂಬರುಗಳು ದಶಕಗಳಿಂದ ಜಾರುತ್ತಾ ಬಂದಿವೆ. 1950ರ ಹೊತ್ತಿನ ಹನ್ನೆರಡನೇ ನಂಬರು ಇವತ್ತಿನ ಹನ್ನೆರಡರವರಿಗೆ ಸೊಂಟದ ಹತ್ತಿರವೂ ಬರುವುದಿಲ್ಲ. ಟೇಪು ಹಿಡಿದು ಹೋಗಬೇಕು. ಇಲ್ಲವೇ ಡಿಸೈನರ್ ಡಯಾನ್ ವಾನ್ ಫರ್ಸ್ಟನ್‌ಬರ್ಗ್ 1974ರಲ್ಲಿ ತಂದ ರ‍್ಯಾಪ್ ಡ್ರೆಸ್ ಹುಡುಕಬೇಕು. ಜಿಪ್ಪಿಲ್ಲ, ಗುಂಡಿಯಿಲ್ಲ. ಸುತ್ತಿಕೊಂಡು ಗಂಟು ಹಾಕಿದರೆ ಮುಗಿಯಿತು, ಮೈ ಏರಿದರೂ ಇಳಿದರೂ ಅದು ಮುನಿಸಿಕೊಳ್ಳುವುದಿಲ್ಲ. ಎರಡು ವರ್ಷದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು, ಹಾಗಾಗಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ.

ಜಪಾನಿನ ಡಿಸೈನರ್ ಇಸ್ಸೆ ಮಿಯಾಕೆಯ ನೆರಿಗೆ ಬಟ್ಟೆಗಳೂ ಅಷ್ಟೇ. ‘ಪ್ಲೀಟ್ಸ್ ಪ್ಲೀಸ್’ ಅನ್ನುವ ಹೆಸರಿನಲ್ಲಿ ಅವು ಬಂದದ್ದು 1993ರಲ್ಲಿ. ಸಾಮಾನ್ಯವಾಗಿ ನೆರಿಗೆ ಹಿಡಿದ ಬಟ್ಟೆಯನ್ನು ಆಮೇಲೆ ಕತ್ತರಿಸಿ ಹೊಲಿಯುತ್ತಾರೆ. ಇಲ್ಲಿ ಉಡುಪನ್ನು ಎರಡು ಮೂರು ಪಟ್ಟು ದೊಡ್ಡದಾಗಿ ಹೊಲಿದು, ಆಮೇಲೆ ಕಾಗದದ ನಡುವೆ ಇಟ್ಟು ಬಿಸಿಯಲ್ಲಿ ಒತ್ತಿ ನೆರಿಗೆ ಹಿಡಿಸುತ್ತಾರೆ. ಪಾಲಿಯೆಸ್ಟರ್ ಆದ್ದರಿಂದ ನೆರಿಗೆ ಬಿಡುವುದಿಲ್ಲ. ಪಾಲಿಯೆಸ್ಟರ್ ಅಂದರೆ ಮೂಗು ಮುರಿಯುವವರ ಪೈಕಿ ನಾನೂ ಒಬ್ಬಳು. ಇದಕ್ಕೆ ಮಾತ್ರ ವಿನಾಯಿತಿ. ಸುರುಳಿ ಸುತ್ತಿ ಬ್ಯಾಗಿನ ಮೂಲೆಗೆ ತುರುಕಿ, ಹೊರತೆಗೆದು ಕೊಡವಿದರೆ ಸಾಕು.

ಲೇಬಲ್ ನೋಡಿ ನಂಬುವುದು ಮಾತ್ರ ಕಷ್ಟ. ಒಂದು ಚೂರು ಬಟ್ಟೆ, ಯಾರು ಬೇಕಾದರೂ ಹೊಲಿಯಬಹುದು. ಫ್ರಾನ್ಸಿನ ಡಿಸೈನರ್ ಮೇಡ್ಲಿನ್ ವಿಯೊನೆ ಇದನ್ನು ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡಿದ್ದಳು. ನಕಲು ಮಾಡುವವರ ಕಾಟ ತಾಳಲಾರದೆ ತನ್ನ ಲೇಬಲ್ಲಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಳು! ಬೆಲ್ಜಿಯಂನ ಡಿಸೈನರ್ ಮಾರ್ಟಿನ್ ಮಾರ್ಜೆಲಾ ಇದಕ್ಕೆ ಪೂರಾ ತದ್ವಿರುದ್ಧ. ಅವನ ಶುರುವಿನ ಬಟ್ಟೆಗಳಲ್ಲಿ ಲೇಬಲ್ ಜಾಗದಲ್ಲಿ ಏನೂ ಬರೆಯದ ಬಿಳಿ ತುಂಡು, ಅದರ ನಾಲ್ಕು ಮೂಲೆಗೆ ನಾಲ್ಕು ಬಿಳಿ ಹೊಲಿಗೆ. ಆ ನಾಲ್ಕು ಹೊಲಿಗೆ ಬೆನ್ನ ಮೇಲೆ ಹೊರಗೆ ಕಾಣುತ್ತವೆ. ಗೊತ್ತಿದ್ದವರಿಗೆ ಅದೇ ಸಹಿ. ಗೊತ್ತಿಲ್ಲದವರು ‘ಅಯ್ಯೋ, ಕಚ್ಚಾ ಹೊಲಿಗೆ ಬಿಚ್ಚದೆ ಹಾಗೇ ಬಿಟ್ಟಿದ್ದಾರೆ’ ಅಂತ ಕತ್ತರಿ ಹಾಕುತ್ತಾರೆ. ಹಾಗೆ ಅಚ್ಚುಕಟ್ಟಾಗಿ ಸಹಿ ಅಳಿಸಿದ ಸ್ವೆಟರೊಂದನ್ನು ನಾನು ಕಂಡಿದ್ದೇನೆ.

ಕೊನೆಯದು, ನನ್ನ 1980ರ ದಶಕದ ಬ್ಲೇಜರ್. ಹೆಗಲೊಳಗೆ ಎರಡು ದಪ್ಪ ಪ್ಯಾಡ್. ಟೈಲರ್ ಒಳಗು ಹೊರಗು ಮಾಡಿ ನೋಡಿ, ‘ಈ ದಿಂಬು ತೆಗೆದುಬಿಡ್ಲಾ ಮೇಡಂ?’ ಅಂದರು. ಬೇಡ ಅಂದೆ. ಕತ್ತರಿಸುವಾಗಲೇ ಪ್ಯಾಡಿಗೆ ಲೆಕ್ಕ ಹಾಕಿ ಕತ್ತರಿಸಿದ ಹೆಗಲು ಅದು, ತೆಗೆದರೆ ತೋಳು ಮೊಣಕೈವರೆಗೂ ಜೋಲುಬಿದ್ದು ಸುಕ್ಕುಗಟ್ಟುತ್ತದೆ. ಅವರು ಒಪ್ಪಲಿಲ್ಲ, ಆದರೆ ಮುಟ್ಟಲೂ ಇಲ್ಲ. ಅಸ್ತರು ಬಿಟ್ಟಿದ್ದ ಕಡೆ ಮಾತ್ರ ಹೊಲಿದು ಕೊಟ್ಟರು. ಅದನ್ನು ಹಾಕಿಕೊಂಡ ದಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು ತಾವಾಗೇ ಸರಿದು ಜಾಗ ಕೊಡುತ್ತಾರೆ.