ಟಿಕೆಟ್ ಹಣ ಬಂತು, ಜೀಪಿನ ಬಾಡಿಗೆ ಯಾರು ಕೊಡಬೇಕು?

ಹೋದ ಮಳೆಗಾಲದ ಒಂದು ರಾತ್ರಿ, ಎರಡೂವರೆ ಗಂಟೆಯ ಹೊತ್ತಿಗೆ, ನಾವಿದ್ದ ರೈಲು ಘಟ್ಟದ ಮೇಲಿನ ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತು. ಹಳಿಯ ಮೇಲೆ ಗುಡ್ಡ ಜರಿದಿದೆ, ರೈಲು ಮುಂದೆ ಹೋಗುವುದಿಲ್ಲ ಎಂದರು. ಧೋ ಎಂದು ಮಳೆ. ಎಪ್ಪತ್ತೊಂದು ವರ್ಷದ ಅಮ್ಮ ಮಂಡಿ ನೋವು ಹಿಡಿದುಕೊಂಡು ಪ್ಲಾಟ್‌ಫಾರ್ಮಿಗೆ ಇಳಿದಳು. ಬೆಳಗಾದರೆ ಮಂಗಳೂರಿನಲ್ಲಿ ನನ್ನ ಸೋದರಮಾವನ ಉತ್ತರಕ್ರಿಯೆ. ಒಡಹುಟ್ಟಿದ ತಮ್ಮನ ಕಾರ್ಯಕ್ಕೆ ಹೋಗಲೇಬೇಕೆಂದು ಹಟ ಹಿಡಿದು ಬಂದವಳು ಆಕೆ.

ನಮ್ಮ ಪಕ್ಕದಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ಪರೀಕ್ಷೆಯ ಪ್ರವೇಶಪತ್ರ, ಅದರ ಹಿಂದೆ ನಾಲ್ಕು ಮಡಿಕೆಯಾಗಿ ಕೌಂಟರಿನಲ್ಲಿ ತೆಗೆಸಿದ ರೈಲು ಟಿಕೆಟ್. ಬೆಳಗ್ಗೆ ಒಂಬತ್ತಕ್ಕೆ ಮಂಗಳೂರಿನಲ್ಲಿ ಪರೀಕ್ಷೆ, ಕೈಯಲ್ಲಿ ಇದ್ದದ್ದು ಇನ್ನೂರು ರೂಪಾಯಿ. ಹೊರಗೆ ನಿಂತಿದ್ದ ಜೀಪಿನವನು ಮಂಗಳೂರಿಗೆ 6,500 ರೂಪಾಯಿ ಕೇಳಿದ. ಮಳೆಯ ರಾತ್ರಿ ಘಟ್ಟ ಇಳಿಸುವವನ ಕಷ್ಟವೂ ಇದೆ, ಅವನನ್ನು ನಾನು ದೂರುವುದಿಲ್ಲ. "ಬಾ ಮಗಳೇ, ನಮ್ಮ ಜೊತೆ ಕುಳಿತುಕೋ" ಎಂದು ಅಮ್ಮ ಆ ಹುಡುಗಿಯ ಕೈ ಹಿಡಿದಳು. ಆರು ಜನ ಸೇರಿ ಹೊರಟೆವು. ಮೂವರ ಲೆಕ್ಕದಲ್ಲಿ ನಾನು ಕೊಟ್ಟದ್ದು 3,250 ರೂಪಾಯಿ. ಉಪ್ಪಿನಂಗಡಿಗೆ ಬರುವಾಗ ಬೆಳಕು ಹರಿಯುತ್ತಿತ್ತು. ಹುಡುಗಿ ಸಮಯಕ್ಕೆ ಸರಿಯಾಗಿ ಪರೀಕ್ಷಾ ಕೇಂದ್ರ ತಲುಪಿದಳು. ಆ ಒಂದು ಸಮಾಧಾನ ನನಗಿದೆ.

ನಮ್ಮದು ಇ-ಟಿಕೆಟ್. ಆನ್‌ಲೈನಿನಲ್ಲಿ ಟಿಡಿಆರ್, ಅಂದರೆ ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ, ಸಲ್ಲಿಸಿದೆ. ಕೆಲವು ವಾರಗಳ ನಂತರ ಇಬ್ಬರ ಟಿಕೆಟಿನ ಹಣ, ಐನೂರು ಚಿಲ್ಲರೆ, ಖಾತೆಗೆ ಬಂತು. ಜೀಪಿನ ಬಾಡಿಗೆಯ ವಿಷಯ ವಿಚಾರಿಸಲು ಹೋದಾಗ ಕೌಂಟರಿನಲ್ಲಿ ಕುಳಿತಿದ್ದವರು, "ಟಿಕೆಟ್ ಹಣ ಬಂದಿದೆಯಲ್ಲ, ಇನ್ನೇನು?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿದ್ದ ನಿಯಮದಲ್ಲಿ ಅಷ್ಟೇ ಇರುವುದು. ನನ್ನ ತಕರಾರು ಆ ನಿಯಮದ ಮೇಲೆ.

ಟಿಕೆಟ್ ರದ್ದತಿ ಮತ್ತು ಹಣ ಮರುಪಾವತಿಗೆ 2015ರ ನಿಯಮಗಳಿವೆ. ರೈಲೇ ರದ್ದಾದರೆ ಪೂರ್ತಿ ಹಣ ವಾಪಸ್. ಇ-ಟಿಕೆಟ್ ಆದರೆ ತಾನಾಗಿಯೇ ಖಾತೆಗೆ ಬರುತ್ತದೆ, ಕೌಂಟರ್ ಟಿಕೆಟ್ ಆದರೆ ರೈಲು ಹೊರಡಬೇಕಿದ್ದ ದಿನದಿಂದ ಮೂರು ದಿನದೊಳಗೆ ಕೌಂಟರಿಗೆ ಒಪ್ಪಿಸಬೇಕು. ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಪ್ರಯಾಣವನ್ನೇ ಕೈಬಿಟ್ಟರೆ ಆಗಲೂ ಪೂರ್ತಿ ಹಣ. ಅಪಘಾತ, ಪ್ರವಾಹ, ಹಳಿ ಕೊಚ್ಚಿಹೋದಂಥ ಕಾರಣಕ್ಕೆ ನಡುದಾರಿಯಲ್ಲಿ ಪ್ರಯಾಣ ನಿಂತು ಬದಲಿ ವ್ಯವಸ್ಥೆಯೂ ಆಗದಿದ್ದರೆ ಅದಕ್ಕೂ ಪೂರ್ತಿ ಹಣ. ಕೇಳಲು ಚೆನ್ನಾಗಿದೆ. ಆದರೆ ಇವೆಲ್ಲವೂ ನೀವು ಕೊಟ್ಟ ಹಣವನ್ನು ನಿಮಗೇ ತಿರುಗಿಸುವ ಮಾತು. ಆ ರಾತ್ರಿ ಊರು ಸೇರಲು ಕೈಯಿಂದ ಕಳೆದುಕೊಂಡ ಹಣದ ಬಗ್ಗೆ ಒಂದಕ್ಷರವೂ ಇಲ್ಲ.

ಮಳೆಗೆ ಯಾರು ಹೊಣೆ ಎಂದು ಕೇಳುವವರಿದ್ದಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರ್ ಹಾದಿಯಲ್ಲಿ 57 ಸುರಂಗಗಳಿವೆ. ಅಲ್ಲಿ ಹಳಿ ಕಾಯುವ ಕೆಲಸ ಸುಲಭದ್ದಲ್ಲ ಎಂದು ಆ ದಾರಿಯಲ್ಲಿ ಓಡಾಡುವ ನಮಗೆಲ್ಲ ಗೊತ್ತು. 2024ರ ಜುಲೈ 26ರಂದು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತವಾದಾಗ ಸುಮಾರು ಎರಡು ವಾರ ಪ್ರಯಾಣಿಕರ ರೈಲು ಓಡಲಿಲ್ಲ. ಸುರಿಯುವ ಮಳೆಯಲ್ಲಿ ಹಗಲು ರಾತ್ರಿ ಆ ಹಳಿ ಸರಿಪಡಿಸಿದ ಕಾರ್ಮಿಕರಿಗೆ ಕೈಮುಗಿಯುತ್ತೇನೆ. ಗುಡ್ಡ ಕುಸಿದದ್ದಕ್ಕೆ ದಂಡ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಟಿಕೆಟ್ ಕೊಟ್ಟು ಹತ್ತಿಸಿಕೊಂಡವರು ಊರು ಮುಟ್ಟಿಸಬೇಕು. ಮುಟ್ಟಿಸಲು ಆಗದಿದ್ದರೆ ಪ್ರಯಾಣಿಕ ತಾನಾಗಿ ಮುಟ್ಟಿದ ಖರ್ಚನ್ನು ಭರಿಸಬೇಕು. ದಂಡ ಬೇರೆ, ಇದು ಬೇರೆ.

ಯುರೋಪಿನ ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. 2023ರ ಜೂನ್ 7ರಿಂದ ಜಾರಿಯಲ್ಲಿರುವ ಅಲ್ಲಿನ ನಿಯಮದಂತೆ, ಕೈಮೀರಿದ ಪ್ರಕೃತಿ ವಿಕೋಪದಲ್ಲಿ ತಡವಾದದ್ದಕ್ಕೆ ಪರಿಹಾರ ಕೊಡಬೇಕಿಲ್ಲ. ಆದರೆ ರೈಲು ರದ್ದಾಗಿ ನೂರು ನಿಮಿಷದೊಳಗೆ ಬದಲಿ ದಾರಿ ತಿಳಿಸದಿದ್ದರೆ ಪ್ರಯಾಣಿಕ ಬೇರೆ ರೈಲೋ ಬಸ್ಸೋ ಹಿಡಿದು, ನ್ಯಾಯವಾದ ಖರ್ಚನ್ನು ವಾಪಸ್ ಪಡೆಯಬಹುದು. ಜರ್ಮನಿಯಲ್ಲಿ ದಿನದ ಕೊನೆಯ ರೈಲು ರದ್ದಾಗಿ ನಡುರಾತ್ರಿಯೊಳಗೆ ಊರು ಸೇರಲು ಬೇರೆ ದಾರಿಯೇ ಇಲ್ಲದಿದ್ದರೆ ಟ್ಯಾಕ್ಸಿಗೂ 120 ಯೂರೋವರೆಗೆ ಸಿಗುತ್ತದೆ. ಅಲ್ಲಿ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಒಮ್ಮೆ ಹಾಗೆ ಸಿಕ್ಕಿಹಾಕಿಕೊಂಡಿದ್ದಳು. ಟ್ಯಾಕ್ಸಿಯ ರಸೀದಿ ಲಗತ್ತಿಸಿ ಅರ್ಜಿ ತುಂಬಿದಳು, ಹಣ ಬಂತು. ಯಾರ ಮುಂದೆಯೂ ಗೋಗರೆಯಲಿಲ್ಲ.

ಅಷ್ಟು ದೂರವೇಕೆ, ನಮ್ಮಲ್ಲೇ ವಿಮಾನ ನಿಗದಿತ ಅವಧಿ ಮೀರಿ ತಡವಾದರೆ ಊಟ ತಿಂಡಿ, ಕೆಲವು ಸಂದರ್ಭಗಳಲ್ಲಿ ಹೋಟೆಲ್ ಕೋಣೆ ಕೊಡಬೇಕೆಂಬ ನಿಯಮವಿದೆ. ಸ್ಲೀಪರ್ ಬೋಗಿಯಲ್ಲಿ ಹೋಗುವವರಿಗೆ ಹಸಿವಾಗುವುದಿಲ್ಲವೇ? ರಾತ್ರಿ ಮೂರು ಗಂಟೆಗೆ 6,500 ರೂಪಾಯಿ ಹೊಂದಿಸುವುದು ಅವರಿಗಲ್ಲವೇ ಹೆಚ್ಚು ಕಷ್ಟ?

ನಮ್ಮ ದೇಶದಲ್ಲಿ ಟ್ಯಾಕ್ಸಿ ಹಣ ವಾಪಸ್ ಪಡೆದವರು ಇಲ್ಲವೆಂದಲ್ಲ. 2016ರ ಜೂನ್‌ನಲ್ಲಿ ಅಜ್ಮೇರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ, ಒಂದು ಕುಟುಂಬಕ್ಕೆ ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ವಿಮಾನ ತಪ್ಪಿತು. ಟ್ಯಾಕ್ಸಿ ಮಾಡಿಕೊಂಡು ಹೋದರು. ವೇಳಾಪಟ್ಟಿಯ ಸಮಯಕ್ಕೆ ತಾವು ಖಾತರಿ ಕೊಡುವುದಿಲ್ಲ ಎಂಬ ಹಳೆಯ ನಿಯಮವನ್ನು ರೈಲ್ವೆ ಮುಂದಿಟ್ಟಿತು. 2021ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ತಡವಾದದ್ದು ಕೈಮೀರಿದ ಕಾರಣಕ್ಕೆ ಎಂಬುದನ್ನು ರೈಲ್ವೆಯೇ ಸಾಬೀತುಪಡಿಸಬೇಕು, ಇಲ್ಲದಿದ್ದರೆ ಪರಿಹಾರ ಕೊಡಬೇಕು, ಪ್ರಯಾಣಿಕರ ಸಮಯಕ್ಕೂ ಬೆಲೆಯಿದೆ ಎಂದಿತು. ಟ್ಯಾಕ್ಸಿಗೆ 15,000, ನಷ್ಟವಾದ ಬುಕಿಂಗಿಗೆ 10,000, ಮಾನಸಿಕ ಯಾತನೆಗೂ ವ್ಯಾಜ್ಯದ ಖರ್ಚಿಗೂ ತಲಾ 5,000 ರೂಪಾಯಿ ಕೊಡುವ ಆದೇಶ ಉಳಿಯಿತು. ತೀರ್ಪು ಓದಿದಾಗ ಸಂತೋಷವಾಯಿತು. ಆಮೇಲೆ ಲೆಕ್ಕ ಹಾಕಿದೆ. ಒಟ್ಟು 35,000 ರೂಪಾಯಿಗಾಗಿ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಮೂರು ಗ್ರಾಹಕ ವೇದಿಕೆಗಳಲ್ಲಿ ಗೆದ್ದು, ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಐದು ವರ್ಷ ಕಾಯಬೇಕಾಯಿತು. ಇನ್ನೂರು ರೂಪಾಯಿ ಹಿಡಿದು ನಿಂತಿದ್ದ ಆ ಹುಡುಗಿ ಈ ದಾರಿ ನಡೆಯಬಲ್ಲಳೇ? ಅದಕ್ಕೇ ಹೇಳುತ್ತಿದ್ದೇನೆ, ಇದು ಕೋರ್ಟಿನಲ್ಲಿ ಗೆದ್ದು ಪಡೆಯುವ ವಿಷಯವಾಗಬಾರದು. ಇಂತಿಷ್ಟು ಹೊತ್ತಿನಲ್ಲಿ ಬಸ್ಸಿನ ವ್ಯವಸ್ಥೆಯಾಗದಿದ್ದರೆ ಇಂತಿಷ್ಟು ಮಿತಿಯವರೆಗೆ ಖರ್ಚು ಕೊಡುತ್ತೇವೆ ಎಂದು ನಿಯಮದಲ್ಲೇ ಬರೆಯಬೇಕು.

ಅಲ್ಲಿಯವರೆಗೆ ಸುಮ್ಮನಿರಬೇಡಿ. ರೈಲು ನಿಂತ ಕೂಡಲೇ ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ಮೊಬೈಲಿಗೆ ಬಂದ ಸಂದೇಶ ಅಳಿಸಬೇಡಿ, ಫಲಕದ ಫೋಟೊ ತೆಗೆಯಿರಿ. ಜೀಪಿನವರ ಹತ್ತಿರ ಬಿಲ್ ಪುಸ್ತಕ ಇರುವುದಿಲ್ಲ. ಒಂದು ಹಾಳೆಯ ಮೇಲೆ ಗಾಡಿಯ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ಹಣ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ನನಗೆ ಆ ರಾತ್ರಿ ಇದು ಹೊಳೆಯಲಿಲ್ಲ. ಮೊಬೈಲಿನಲ್ಲೇ ಹಣ ಕಳಿಸಿದ್ದರಿಂದ ದಿನಾಂಕ, ಸಮಯ ಉಳಿದವು, ಅಷ್ಟೇ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ಎರಡು ವರ್ಷದ ಅವಧಿ ಇದೆ. ಏನು ಮಾಡಬೇಕೆಂದು ತೋಚದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹದಿನೈದು ದಿನಗಳ ನಂತರ ಆ ಹುಡುಗಿ ನನಗೊಂದು ಫೋಟೊ ಕಳಿಸಿದಳು. ಅದೇ ಟಿಕೆಟ್, ನಾಲ್ಕು ಮಡಿಕೆಯ ಗುರುತು ಸಮೇತ. "ಅಣ್ಣಾ, ಇದಕ್ಕೆ ಹಣ ಬರುತ್ತದೆಯೇ? ಪರೀಕ್ಷೆ ಮುಗಿಸಿ ಊರಿಗೆ ಬಂದ ಮೇಲೆ ನೆನಪಾಯಿತು" ಎಂದು ಬರೆದಿದ್ದಳು. ಗಡುವು ಎಂದೋ ದಾಟಿತ್ತು. ಆದರೂ ಅವಳ ಹೆಸರಿನಲ್ಲಿ ಒಂದು ಅರ್ಜಿ ಬರೆದು, ಜೀಪಿನಲ್ಲಿ ಅವಳ ಪಾಲು ಎಷ್ಟೆಂದು ಸೇರಿಸಿ, ಜೀಪಿನ ಬಾಡಿಗೆ ಕೇಳಿ ನಾನು ಬರೆದ ಅರ್ಜಿಯ ಜೊತೆಗೇ ರೈಲ್ವೆಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದೇನೆ. ಎರಡು ಸ್ವೀಕೃತಿ ಚೀಟಿಗಳೂ ನನ್ನ ಮೇಜಿನ ಮೇಲಿವೆ. ಉತ್ತರ ಇನ್ನೂ ಬಂದಿಲ್ಲ.