ವಾಹನ ಓಡಾಟ ಇಳಿದರೆ ಉದ್ಯೋಗವೂ ಇಳಿದಿದೆ ಎಂದೇ?

‘ಅಮೆರಿಕದಲ್ಲಿ ಜನ ಕಾರು ಓಡಿಸುವುದು ಕಡಿಮೆಯಾಗಿದೆ, ಅಂದರೆ ಉದ್ಯೋಗ ಕುಸಿದಿದೆ, ಸರ್ಕಾರದ ಅಂಕಿಗಳೆಲ್ಲ ಸುಳ್ಳು’ ಎಂಬ ಸಂದೇಶವೊಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಜನ ಸುಲಭವಾಗಿ ನಂಬುತ್ತಾರೆ.

ಕೆಲಸವಿದ್ದವರು ಕಚೇರಿಗೆ ಹೋಗುತ್ತಾರೆ, ಕೈಯಲ್ಲಿ ಹಣವಿದ್ದಾಗ ಸುತ್ತಾಟವೂ ಹೆಚ್ಚುತ್ತದೆ, ಸರಕು ಸಾಗಣೆಯೂ ಏರುತ್ತದೆ. ಇಷ್ಟು ನಿಜ. ಆದರೆ ಅಲ್ಲಿನ ಮನೆಮಂದಿ ಓಡಿಸುವ ಒಟ್ಟು ದೂರದಲ್ಲಿ ಕೆಲಸಕ್ಕೆ ಹೋಗಿಬರುವ ಪಾಲು ಸುಮಾರು ಶೇ 30 ಮಾತ್ರ. ಉಳಿದದ್ದು ಅಂಗಡಿ, ಶಾಲೆ, ನೆಂಟರ ಮನೆ, ಪ್ರವಾಸ.

ಇತಿಹಾಸವನ್ನೂ ನೋಡಬೇಕು. ಅಮೆರಿಕದಲ್ಲಿ ತಲಾ ವಾಹನ ಓಟ 2005ರ ಸುಮಾರಿಗೇ ಶಿಖರ ಮುಟ್ಟಿ ಇಳಿಯತೊಡಗಿತು. ಆರ್ಥಿಕ ಹಿಂಜರಿತ ಆರಂಭವಾದದ್ದು 2007ರ ಡಿಸೆಂಬರ್‌ನಲ್ಲಿ. ನಡುವಿನ ಅವಧಿಯಲ್ಲಿ ಉದ್ಯೋಗ ಹೆಚ್ಚುತ್ತಲೇ ಇತ್ತು! 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 140 ಡಾಲರ್ ದಾಟಿತು. ಕೆಲಸ ಉಳಿಸಿಕೊಂಡವರೂ ಆಗ ಕಾರು ಹೊರತೆಗೆಯಲು ಹಿಂದೆಮುಂದೆ ನೋಡಿದರು.

ಇನ್ನೂ ಸ್ಪಷ್ಟವಾದ ಉದಾಹರಣೆ ಇತ್ತೀಚಿನದು. 2019ರಲ್ಲಿ ಅಮೆರಿಕದ ರಸ್ತೆಗಳಲ್ಲಿ ವಾಹನಗಳು ಓಡಿದ್ದು ಸುಮಾರು 3.26 ಲಕ್ಷ ಕೋಟಿ ಮೈಲಿ. 2020ರಲ್ಲಿ ಉದ್ಯೋಗವೂ ಓಡಾಟವೂ ಒಟ್ಟಿಗೆ ಬಿದ್ದವು, ಏಕೆಂದರೆ ಎರಡನ್ನೂ ಕೆಡವಿದ್ದು ಕೋವಿಡ್. 2023ರಲ್ಲಿ ಓಡಾಟ ಹೆಚ್ಚುಕಡಿಮೆ 2019ರ ಮಟ್ಟದಲ್ಲೇ ಇತ್ತು. ಉದ್ಯೋಗಗಳ ಸಂಖ್ಯೆ ಮಾತ್ರ ಹತ್ತಾರು ಲಕ್ಷ ಹೆಚ್ಚಾಗಿತ್ತು. ಮನೆಯಿಂದಲೇ ದುಡಿಯುವವನು ಬೆಳಿಗ್ಗೆ ರಸ್ತೆಗಿಳಿಯುವುದಿಲ್ಲ, ಆದರೆ ಅವನು ನಿರುದ್ಯೋಗಿಯಲ್ಲ. ಫಾರ್ವರ್ಡ್ ಸಂದೇಶ ಅವನನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.